ಪ್ಯಾಕೇಜ್ ಕ್ಯಾಶ್‌ಗೆ ಕನ್ನಡದಲ್ಲಿ ಏನನ್ನೋಣ? (ಇವತ್ತು ರಾತ್ರಿಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ಒಂದು ಲಿನಕ್ಸ್ ಇನ್‌ಸ್ಟಾಲರ್‌ನ (ಲಿನಕ್ಸ್ ಆಪರೇಟಿಂಗ್ ಸಿಸ್ಟಮನ್ನು ಕಂಪ್ಯೂಟರ್‌ಗೆ ಹಾಕಿಕೊಡುವ ಪ್ರೋಗ್ರಾಂನ) ಅನುವಾದ ಮುಗಿಸುತ್ತಿದ್ದೇನೆ. ಒಂದೇ ಪರದೆ ಬಾಕಿ. ಒಂದೇ ಕಂಪ್ಯೂಟರ್‌ನಲ್ಲಿ ಎರಡು ಲಿನಕ್ಸ್ ಹಾಕಿಕೊಂಡವರಿಗೆ ಇರುವ ಪರದೆ ಅದು. ಒಂದರಲ್ಲಿ ಇಳಿಸಿಕೊಂಡ ಪ್ಯಾಕೇಜನ್ನು (ಪ್ರೋಗ್ರಾಂ ಕಟ್ಟಿಕೊಟ್ಟ ಫೈಲನ್ನು) ಇನ್ನೊಂದು ಮತ್ತೆ ಇಳಿಸದೆ ಬಳಸಲಿ, ಅಷ್ಟೇ ಉದ್ದೇಶ. ಹಾಗೆ ಇಳಿಸಿದ್ದು ಸದ್ಯಕ್ಕೆ ಇರುವ ಜಾಗವೇ ಕ್ಯಾಶ್. ನನ್ನ ಕರಡು ಹೀಗಿತ್ತು:

"ಪ್ಯಾಕೇಜ್ ಕ್ಯಾಶ್ ಹಂಚಿಕೊಳ್ಳಿ"
ಕೆಳಗೆ ಬಟನ್: "ಕ್ಯಾಶ್ ಖಾಲಿ ಮಾಡಿ"

ಓದಲು ಕೊಟ್ಟವರು "ಯಾರ ದುಡ್ಡು, ಯಾಕೆ ಖಾಲಿ ಮಾಡ್ಬೇಕು?" ಅಂದರು. ಇಂಗ್ಲಿಷ್‌ನಲ್ಲಿ ಕಾಗುಣಿತವಾದರೂ ಬೇರೆ (cache, cash). ನಮ್ಮ ಲಿಪಿಯಲ್ಲಿ ಎರಡೂ ಒಂದೇ ಕ್ಯಾಶ್. ಶೀರ್ಷಿಕೆಯಲ್ಲಿ ಡ್ಯುಯಲ್ ಬೂಟ್‌ಗೆ (ಎರಡರಲ್ಲಿ ಬೇಕಾದ ಸಿಸ್ಟಮ್ ಆರಿಸಿ ಶುರು ಮಾಡುವುದಕ್ಕೆ) 'ಜೋಡಿ ಬೂಟ್' ಅಂತ ಇಟ್ಟಿದ್ದೆ, ಅದು ಚಪ್ಪಲಿ ಸ್ಟ್ಯಾಂಡಿಗೆ ಹೋಗುತ್ತದೆ ಅಂತ ನಾನೇ ತೆಗೆದೆ. 'ಭಂಡಾರ' ಆಗಲೇ ರೆಪೊಸಿಟರಿಗೆ (ಪ್ಯಾಕೇಜುಗಳನ್ನು ಎಲ್ಲಿಂದ ಇಳಿಸುತ್ತೇವೋ ಆ ಸಂಗ್ರಹಕ್ಕೆ) ಹೋಗಿಬಿಟ್ಟಿದೆ. ಚಿಕ್ಕ ಪದ ಇದ್ದರೆ ಹೇಳಿ.

ಮರು: ಪ್ಯಾಕೇಜ್ ಕ್ಯಾಶ್

ಹಗೇವು. ಇದರಲ್ಲಿ ಚರ್ಚೆಗೆ ಏನಿದೆ?

ಕ್ಯಾಶ್ ಬಂದಿರುವುದು ಫ್ರೆಂಚ್‌ನ 'ಬಚ್ಚಿಡು' ಅನ್ನುವ ಕ್ರಿಯಾಪದದಿಂದ. ಹಗೇವು ಅಂದರೆ ನೆಲದಡಿಯಲ್ಲಿ ಧಾನ್ಯ ತುಂಬಿ ಮುಚ್ಚಿಡುವ ಗುಂಡಿ. ಇದಕ್ಕಿಂತ ಹತ್ತಿರದ ಪದ ಸಿಗುವುದಿಲ್ಲ. ಪ್ಯಾಕೇಜಿಗೆ 'ಕಟ್ಟು'. ಎರಡೂ ಸೇರಿ 'ಕಟ್ಟುಹಗೇವು'. ಸಂಸ್ಕೃತದ ಹಂಗಿಲ್ಲ, ಇಂಗ್ಲಿಷಿನ ಹಂಗೂ ಇಲ್ಲ.

ಮರು: ಮರು: ಪ್ಯಾಕೇಜ್ ಕ್ಯಾಶ್

ಸ್ವಾಮಿ, ಬಟನ್ ಮೇಲೆ 'ಕಟ್ಟುಹಗೇವು ಖಾಲಿ ಮಾಡಿ' ಅಂತ ಕಂಡರೆ ಒತ್ತುವವರು ಯಾರು? ಹಗೆ ಅಂತ ಓದಿಕೊಂಡು ಓಡಿಹೋಗ್ತಾರೆ.

ಅದಿರಲಿ, ಅರ್ಥವೇ ತಪ್ಪು. ಹಗೇವು, ಕಣಜ, ಭಂಡಾರ ಎಲ್ಲವೂ ಕಾಪಾಡಿಕೊಳ್ಳುವ ಜಾಗಗಳು. ಕಣಜ ಹೋದರೆ ಮನೆ ಹೋದಂತೆ. ಕ್ಯಾಶ್ ಹಾಗಲ್ಲ. ಎಸೆದರೂ ಏನೂ ಕೆಡುವುದಿಲ್ಲ, ಬೇಕಾದಾಗ ಮತ್ತೆ ಇಳಿಸಿಕೊಳ್ಳಬಹುದು. ಪದ ಕಟ್ಟುವ ಮುಂಚೆ ವಸ್ತು ನೋಡಬೇಕು, ಅಲ್ವಾ?

ಡೆಬಿಯನ್ ಅನ್ನುವ ಲಿನಕ್ಸ್ ಕಡೆಯದನ್ನೇ ನೋಡಿ. ಇಳಿಸಿದ ಪ್ಯಾಕೇಜುಗಳು /ವಾರ್/ಕ್ಯಾಶ್/ಆಪ್ಟ್/ಆರ್ಕೈವ್ಸ್ ಒಳಗೆ ಇರುತ್ತವೆ. ಅದನ್ನು ಎರಡು ಸಿಸ್ಟಮ್‌ಗೂ ಒಂದೇ ಮಾಡಬಹುದು. ಒಂದು ಹೊತ್ತಿಗೆ ಒಂದೇ ಬೂಟ್ ಆಗುವುದರಿಂದ ಎರಡೂ ಒಟ್ಟಿಗೆ ಕೈ ಹಾಕುವ ಭಯವೂ ಇಲ್ಲ. ಆದರೆ ಏನೇನು ಇನ್‌ಸ್ಟಾಲ್ ಆಗಿದೆ ಅನ್ನುವ ಲೆಕ್ಕ ಇರುವುದು /ವಾರ್/ಲಿಬ್/ಡಿಪಿಕೆಜಿ ಒಳಗೆ. ಅದನ್ನೂ ಒಂದು ಮಾಡಿದಿರೋ, ಮುಗೀತು. ತನ್ನ ಡಿಸ್ಕ್‌ನಲ್ಲಿ ಇಲ್ಲದ್ದನ್ನು ಎರಡನೇ ಸಿಸ್ಟಮ್ 'ಇದೆ' ಅಂತ ನಂಬಿಕೊಂಡು ಕೂತಿರುತ್ತದೆ. 'ಪ್ಯಾಕೇಜ್ ಭಂಡಾರ' ಅಂತ ಬರೆದರೆ ಓದುವವರಿಗೆ ಇವೆರಡರಲ್ಲಿ ಯಾವುದು ಅಂತ ಹೇಗೆ ಗೊತ್ತಾಗಬೇಕು?

ನಿಕ್ಸ್ ಅನ್ನುವ ಇನ್ನೊಂದು ಪ್ಯಾಕೇಜ್ ವ್ಯವಸ್ಥೆ ಇದೆ, ಅದರ ಸ್ಟೋರ್ ಬೇರೆಯೇ ಕತೆ. ಅಲ್ಲಿ ಇಟ್ಟ ಜಾಗದಿಂದಲೇ ಪ್ರೋಗ್ರಾಂ ಓಡುತ್ತದೆ. /ನಿಕ್ಸ್/ಸ್ಟೋರ್ ಮಾತ್ರ ಒಂದು ಮಾಡಿ ಲೆಕ್ಕದ ಡೇಟಾಬೇಸ್ ಬೇರೆ ಬೇರೆ ಇಟ್ಟರೆ, ಒಂದು ಸಿಸ್ಟಮ್ ಕಸ ಗುಡಿಸುವಾಗ ಇನ್ನೊಂದರ ಸರಂಜಾಮನ್ನೂ ಗುಡಿಸಿ ಹಾಕುತ್ತದೆ. ಅದಕ್ಕೆ ಬೇಕಾದರೆ 'ಉಗ್ರಾಣ' ಅನ್ನಿ, ಒಪ್ಪುತ್ತೇನೆ. ಕ್ಯಾಶ್‌ಗೆ ನನ್ನ ಮತ 'ದಾಸ್ತಾನು'. ಬರುತ್ತೆ, ಖರ್ಚಾಗುತ್ತೆ, ಮತ್ತೆ ಬರುತ್ತೆ.

ಮರು: ದಾಸ್ತಾನಂತೆ!

ಇಂಗ್ಲಿಷ್ ಬಿಡಿ ಅಂದರೆ ಉರ್ದು ಹಿಡಿದರು. ಒಳ್ಳೇ ಸುಧಾರಣೆ.

ಮರು: ಮರು: ದಾಸ್ತಾನಂತೆ!

ಹೊರಗಿನದು, ಒಳಗಿನದು ಅಂತ ಗೆರೆ ಎಳೆಯುವವರು ಒಮ್ಮೆ 'ಗೋದಾಮು' ನೋಡಲಿ. ಅದರ ಹಿಂದೆ ಮಲಯದ 'ಗುದಂಗ್' ಇದೆ. ಅದಕ್ಕೂ ಹಿಂದೆ ತಮಿಳಿನ 'ಕಿಡಂಗು', ತೆಲುಗಿನ 'ಗಿಡ್ಡಂಗಿ' ಇರಬಹುದು ಅಂತ ಬಲ್ಲವರು ಹೇಳುತ್ತಾರೆ. ನಮ್ಮ ಪಕ್ಕದ ಮನೆಯ ಪದ ಸಮುದ್ರ ದಾಟಿ, ಪೋರ್ಚುಗೀಸರ ಮತ್ತು ಇಂಗ್ಲಿಷರ ಬಾಯಲ್ಲಿ ಹೊರಳಿ ವಾಪಸ್ ಬಂತು. ಇದಕ್ಕೆ ವೀಸಾ ಕೇಳ್ತೀರಾ? ಆಂಡಯ್ಯ ತತ್ಸಮ ಬಿಟ್ಟು ಕಾವ್ಯ ಬರೆದ, ನಿಜ. ತದ್ಭವ ಬಿಟ್ಟನಾ? ಇಲ್ಲ.

ಮರು: ಮರು: ಮರು: ದಾಸ್ತಾನಂತೆ!

ಆಂಡಯ್ಯನಿಗೂ ಇನ್‌ಸ್ಟಾಲರ್‌ಗೂ ಏನು ಸಂಬಂಧ?

ಮರು: 'ಹಂಚಿಕೊಳ್ಳಿ' ಬಗ್ಗೆ ಯಾಕೆ ಯಾರೂ ಮಾತಾಡ್ತಿಲ್ಲ?

ಎಲ್ಲರೂ ನಾಮಪದದ ಹಿಂದೆ ಬಿದ್ದಿದ್ದೀರಿ, ಕೆಡುತ್ತಿರುವುದು ಕ್ರಿಯಾಪದ. ಹಂಚು ಅಂದರೆ ಪಾಲು ಮಾಡು. ಆಸ್ತಿ ಹಂಚಿಕೊಂಡರು ಅಂದರೆ ಬೇರೆಯಾದರು ಅಂತ ಅರ್ಥ. ಇಲ್ಲಿ ಆಗುತ್ತಿರುವುದು ಅದಕ್ಕೆ ತದ್ವಿರುದ್ಧ, ಎರಡೂ ಒಂದೇ ಜಾಗ ಬಳಸುತ್ತವೆ. ಅದೂ ಡಿಸ್ಕ್ ಭಾಗ ಮಾಡುವ ಪರದೆ ಆದಮೇಲೆ 'ಹಂಚಿಕೊಳ್ಳಿ' ಅಂದರೆ, ಡಿಸ್ಕನ್ನು ಇನ್ನೊಮ್ಮೆ ಕತ್ತರಿಸುತ್ತದೆ ಅಂತಲೇ ಓದುವವರು ತಿಳಿಯುತ್ತಾರೆ. 'ಜಂಟಿ' ಅನ್ನಬಹುದು. ಅದು ಇಂಗ್ಲಿಷಿನ ಜಾಯಿಂಟ್ ಅಂತ ಯಾರಾದರೂ ಶುರು ಮಾಡುವ ಮೊದಲೇ ಹೇಳಿಬಿಡುತ್ತೇನೆ: ತೆಲುಗಿನ 'ಜಂಟ' ಅಂದರೆ ಜೋಡಿ.

ಆದರೆ ದಯವಿಟ್ಟು 'ಜಂಟಿ ಕ್ಯಾಶ್' ಮಾತ್ರ ಬೇಡ. ಬ್ಯಾಂಕಿನಿಂದ ಫೋನ್ ಬರುತ್ತೆ.

ಮರು: ಕಳಿಸಿಬಿಟ್ಟೆ

ಎಲ್ಲರಿಗೂ ಥ್ಯಾಂಕ್ಸ್. ಕ್ರಿಯಾಪದದ ಮಾತು ಸರಿ ಕಂಡಿತು. ವಾಕ್ಯವನ್ನೇ ಬಿಡಿಸಿ ಬರೆದ ಮೇಲೆ ನಾಮಪದವೇ ಬೇಕಾಗಲಿಲ್ಲ:

"ಇಳಿಸಿದ ಪ್ಯಾಕೇಜುಗಳನ್ನು ಎರಡೂ ಸಿಸ್ಟಮ್‌ಗಳು ಒಂದೇ ಕಡೆ ಇಡಲಿ"
ಬಟನ್: "ಇಳಿಸಿದ್ದನ್ನು ಅಳಿಸಿ"

ಬಟನ್ ಕೆಳಗೆ ಇನ್ನೊಂದು ಸಾಲು ನಾನೇ ಸೇರಿಸಲು ಕೇಳಿದ್ದೇನೆ: "ಇನ್ನೊಂದು ಸಿಸ್ಟಮ್ ಇಳಿಸಿಟ್ಟದ್ದೂ ಹೋಗುತ್ತದೆ." ಇದು ಸ್ವಂತ ಅನುಭವ. ನನ್ನ ಎರಡೂ ಸಿಸ್ಟಮ್ ಆರ್ಚ್ ಅನ್ನುವ ಲಿನಕ್ಸ್, ಅದರ ಪ್ಯಾಕೇಜ್ ನೋಡಿಕೊಳ್ಳುವ ಪ್ರೋಗ್ರಾಂ ಪ್ಯಾಕ್‌ಮ್ಯಾನ್. ಒಂದರಲ್ಲಿ ಕೂತು ಸುಮ್ನೆ ಕ್ಯಾಶ್ ತೆರವು ಮಾಡುವ ಆಜ್ಞೆ, ಪ್ಯಾಕ್‌ಮ್ಯಾನ್ -ಎಸ್‌ಸಿ, ಕೊಟ್ಟೆ. ಈ ಸಿಸ್ಟಮ್‌ನಲ್ಲಿ ಇನ್‌ಸ್ಟಾಲ್ ಆಗಿರದ ಪ್ಯಾಕೇಜೆಲ್ಲ ಕಸ ಅನ್ನೋದು ಅದರ ಲೆಕ್ಕ. ಪಕ್ಕದ ಸಿಸ್ಟಮ್‌ಗೆ ಅಂತ ಇಳಿಸಿಟ್ಟದ್ದೆಲ್ಲ ಹೋಯಿತು. ಕ್ಲೀನ್‌ಮೆಥಡ್ ಅನ್ನುವ ಸೆಟ್ಟಿಂಗನ್ನು ಕೀಪ್‌ಕರೆಂಟ್ ಮಾಡಿಕೊಂಡರೆ ಹೀಗಾಗಲ್ಲ ಅಂತ ಆಮೇಲೆ ಕೈಪಿಡಿ ಓದಿ ತಿಳಿಯಿತು. ರೆಪೊಸಿಟರಿಯಲ್ಲಿ ಈಗಿರುವ ಆವೃತ್ತಿಗಳನ್ನು ಅದು ಮುಟ್ಟುವುದಿಲ್ಲ.

'ಉಗ್ರಾಣ' ನಿಕ್ಸ್‌ಗೆ ಎತ್ತಿಟ್ಟುಕೊಂಡಿದ್ದೇನೆ. ಹಗೇವು ಹೇಳಿದವರಿಗೆ: ಪದ ಚೆನ್ನಾಗಿದೆ ಸಾರ್, ಬಟನ್‌ಗೆ ಮಾತ್ರ ಆಗಲಿಲ್ಲ.

ಮರು: ಮರು: ಕಳಿಸಿಬಿಟ್ಟೆ

'ಸಿಸ್ಟಮ್‌ಗಳು' ಹಾಗೇ ಉಳಿಸಿದ್ದೀರಿ. ನೋಡಿದೆ.