ತೋಟಕ್ಕೆ ಹೊರಟವರಿಗೆ ದೊಡ್ಡಪ್ಪನ ಮಾತು: ಮೊದಲು ಸೊನೆ

ಸುಮಾ, ನಿನ್ನ ಮೆಸೇಜು ಈಗ ನೋಡ್ದೆ ಕಣಮ್ಮ. ಟೈಪ್ ಮಾಡಕ್ಕೆ ನನ್ನ ಕೈಲಾಗಲ್ಲ, ಬಾಯಲ್ಲೇ ಹೇಳ್ತೀನಿ. ಉದ್ದ ಆಗುತ್ತೆ, ಎಲ್ರೂ ಪೂರ್ತಿ ಕೇಳಿಸ್ಕೊಳ್ಳಿ. ಭಾನುವಾರ ಶ್ರೀನಿವಾಸಪುರದ ಕಡೆ ಮಾವಿನ ತೋಟಕ್ಕೆ ಹೋಗ್ತಿದೀವಿ, ನಾವೇ ಕಿತ್ಕೊಳ್ಳೋದು, ಮರಕ್ಕೆ ಔಷಧಿ ಹೊಡ್ದಿರ್ತಾರಲ್ಲ, ಪುಟ್ಟಿ ಅಲ್ಲೇ ಕಚ್ಚಿ ತಿಂದ್ರೆ ಏನಾದ್ರೂ ಆಗುತ್ತಾ, ಅಂತ ತಾನೇ ಕೇಳಿರೋದು? ಔಷಧಿ ಇರ್ಲಿ, ಮೊದ್ಲು ಸೊನೆ.

ನಮ್ಮ ಗುಂಡನ ಕೆನ್ನೆ ಮರೆತ್ರಾ? ಲಲಿತನ ಮದುವೆ ಫೋಟೋ ತೆಗೆದು ನೋಡಿ. ಅರ್ಧ ಮೀಸೆ ಕೆನ್ನೆಗೆ ಅಂಟಿಸ್ದಂಗೆ ಕಪ್ಪು ಪಟ್ಟೆ. ತೋತಾಪುರಿ ಮರ, ಕೊಂಬೆ ಬಗ್ಗಿತ್ತು, ಕೈಗೆ ಎಟುಕ್ತು ಅಂತ ತಲೆ ಎತ್ಕೊಂಡು ತಿರುಚಿ ಕಿತ್ತ. ತೊಟ್ಟು ಬುಡಕ್ಕೇ ಮುರೀತು. ಸೊನೆ ಅಲ್ಲೇ ತುಂಬ್ಕೊಂಡು ಒತ್ತಡದಲ್ಲಿರುತ್ತೆ, ಮುರಿದ ತಕ್ಷಣ ಚಿಮ್ಮುತ್ತೆ. ನಿಮ್ಮ ಅತ್ತೆ ಪಕ್ಕದಲ್ಲೇ ಇದ್ಲು, ನೀರು ಹಾಕೋದು ಬಿಟ್ಟು ಸೆರಗಲ್ಲಿ ಒರೆಸಿದ್ಲು. ತುಟಿ ಹತ್ರ ಇದ್ದಿದ್ದು ಕಿವಿವರೆಗೂ ಹೋಯ್ತು. ಸೊನೆಯಲ್ಲಿ ಎಣ್ಣೆ ಅಂಶ ಇರುತ್ತೆ, ಸುಡೋದು ಅದೇ. ಒರೆಸಿದ್ರೆ ಹರಡುತ್ತೆ, ಸೋಪು ನೀರಲ್ಲಿ ತೊಳೆದ್ರೆ ಹೋಗುತ್ತೆ. ಅವತ್ತು ಸಾಯಂಕಾಲ ಬರೀ ಉರಿ, ಮಾರನೇ ದಿನ ಬೊಬ್ಬೆ, ಬೊಬ್ಬೆ ಒಣಗಿದ ಮೇಲೆ ಆ ಕಲೆ. ಮಾವು, ಗೇರು, ಮಡಿವಾಳರು ಬಟ್ಟೆಗೆ ಗುರುತು ಹಾಕ್ತಿದ್ದ ಕರಿಗೇರು, ಎಲ್ಲ ಒಂದೇ ಕುಟುಂಬದ ಗಿಡಗಳು. ಕೆಲವ್ರಿಗೆ ಏನೂ ಆಗಲ್ಲ, ಕೆಲವ್ರಿಗೆ ಎರಡು ದಿನ ಬಿಟ್ಟು ಮುಖ ಊದ್ಕೊಳ್ಳುತ್ತೆ. ಪುಟ್ಟಿ ಯಾವ ಥರ ಅಂತ ನಿನಗೆ ಗೊತ್ತಾ?

ಅದಕ್ಕೇ ಹೇಳ್ತಿರೋದು, ತೊಟ್ಟು ಬುಡದಲ್ಲಿ ಮುರೀಬೇಡಿ, ಮುಖ ಮೇಲೆ ಮಾಡ್ಕೊಂಡು ಕೀಳಬೇಡಿ.

ಮನೆಯಿಂದ ಒಂದು ಗಟ್ಟಿ ಕತ್ತರಿ ತಗೊಂಡ್ಹೋಗಿ. ಕೈಗೆ ಸಿಗೋ ಕಾಯಿನ ನಾಲ್ಕು ಬೆರಳು ತೊಟ್ಟು ಬಿಟ್ಟು ಕತ್ತರಿಸಿ. ಉದ್ದ ತೊಟ್ಟಿದ್ರೆ ಸೊನೆ ಚಿಮ್ಮಲ್ಲ. ಎತ್ತರದ್ದಕ್ಕೆ ತೋಟದವರೇ ದೋಟಿ ಕೊಡ್ತಾರೆ, ತುದೀಲಿ ಬ್ಲೇಡು, ಕೆಳಗೆ ಬಲೆ ಇರೋದನ್ನೇ ಕೇಳಿ ಇಸ್ಕೊಳ್ಳಿ. ಬರೀ ಕೊಕ್ಕೆ ದೋಟಿ ಕೊಟ್ರೆ ಬೇಡ ಅನ್ನಿ, ಕಾಯಿ ನೆಲಕ್ಕೆ ಬೀಳುತ್ತೆ. ಬಿದ್ದ ಕಾಯಿ ಹೊರಗೆ ಚೆನ್ನಾಗೇ ಕಾಣುತ್ತೆ, ಹಣ್ಣಾಗೋ ಹೊತ್ತಿಗೆ ಪೆಟ್ಟು ಬಿದ್ದ ಕಡೆ ಒಳಗೇ ಕೊಳೀತದೆ. ದೋಟಿ ಹಿಡಿದವನು ಮರದ ಕೆಳಗೆ ನೇರ ನಿಲ್ಲಬಾರದು, ಒಂದು ಹೆಜ್ಜೆ ಪಕ್ಕಕ್ಕೆ. ಕೆಂಜಿಗದ ಗೂಡು ಇದೆಯಾ ಅಂತಾನೂ ಮೊದ್ಲೇ ನೋಡ್ಕೊಳ್ಳಿ. ಕಿತ್ತಾದ ಮೇಲೆ ಕಾಯಿ ಬೋರಲು ಹಿಡ್ಕೊಂಡು ತೊಟ್ಟನ್ನ ಅರ್ಧ ಬೆರಳಿಗೆ ಕತ್ತರಿಸಿ, ಹಂಗೇ ತಲೆಕೆಳಗಾಗಿ ತಂತಿ ಜಾಲರಿ ಮೇಲೋ ಗೋಣಿಚೀಲದ ಮೇಲೋ ಅರ್ಧ ಗಂಟೆ ಇಡಿ. ಸೊನೆ ಕೆಳಗೆ ತೊಟ್ಟಿಕ್ಕುತ್ತೆ. ಸಿಪ್ಪೆ ಮೇಲೆ ಹರಿದ್ರೆ ಅಲ್ಲೆಲ್ಲ ಕಪ್ಪು ಗೆರೆ, ಆಮೇಲೆ ಕೊಳೆ ಶುರುವಾಗೋದೂ ಆ ಗೆರೆಯಿಂದಲೇ.

ಯಾವುದು ಬಲಿತಿದೆ ಅಂತ ಬಣ್ಣ ನೋಡಿ ಹೇಳಕ್ಕಾಗಲ್ಲ. ಬಾದಾಮಿ ಹಸಿರಾಗಿದ್ದಾಗಲೇ ಬಲಿತಿರುತ್ತೆ, ಸೇಂದೂರ ಎಳಸಾಗಿದ್ರೂ ಕೆಂಪಗಿರುತ್ತೆ. ತೊಟ್ಟಿನ ಪಕ್ಕ ಭುಜ ನೋಡಿ. ಭುಜ ತುಂಬಿ ಎದ್ದು ತೊಟ್ಟು ಗುಂಡಿಯೊಳಗೆ ಕೂತಂಗಿದ್ರೆ ಬಲಿತಿದೆ, ಇಳಿಜಾರಾಗಿದ್ರೆ ಎಳೆಕಾಯಿ. ಅನುಮಾನ ಇದ್ರೆ ಬಕೆಟ್ ನೀರಿಗೆ ಹಾಕಿ, ಬಲಿತಿದ್ದು ಮುಳುಗುತ್ತೆ, ಎಳೆದು ತೇಲುತ್ತೆ. ತೇಲಿದ್ದು ಉಪ್ಪಿನಕಾಯಿಗೆ. ಅಡೆ ಹಾಕಿದ್ರೆ ಸುಕ್ಕುಗಟ್ಟುತ್ತೆ ಅಷ್ಟೇ, ಹಣ್ಣಾಗಲ್ಲ.

ಅಡೆ ಅಂದ್ನಲ್ಲ, ಈಗ ಹೇಳೇ ಬಿಡ್ತೀನಿ. ಹೋದ ವರ್ಷ ಎಲ್ಲರ ಮನೆಗೂ ಒಂದೊಂದು ಕ್ರೇಟು ಬಾದಾಮಿ ಕಳ್ಸಿದೆ, ಲಾರಿ ಬಾಡಿಗೆ ನಾನೇ ಕೊಟ್ಟೆ. ಬತ್ತದ ಹುಲ್ಲು ಹಾಸಿ, ಎರಡು ಪದರಕ್ಕಿಂತ ಜಾಸ್ತಿ ಬೇಡ, ಗಾಳಿ ಆಡೋ ಮೂಲೇಲಿ ಇಡಿ, ದಿನಾ ಒಂದ್ಸಲ ನೋಡಿ ಹಣ್ಣಾಗಿದ್ದನ್ನ ತೆಗೀತಾ ಹೋಗಿ, ಒಂದು ವಾರ ಹಿಡಿಯುತ್ತೆ, ಅಂತ ಇದೇ ಗುಂಪಲ್ಲಿ ಹೇಳಿದ್ದೆ. ಕೇಳಿದೋರ್ಯಾರು? ಸೀದಾ ಫ್ರಿಜ್ಜಿಗೆ ತುರುಕಿದ್ರಿ. ಕಾಯಿಗೆ 12, 13 ಡಿಗ್ರಿಗಿಂತ ಕಮ್ಮಿ ಚಳಿ ತಾಗಿದ್ರೆ ಸಿಪ್ಪೆ ಮಂಕಾಗಿ, ಆಮೇಲೆ ಹೊರಗಿಟ್ರೂ ಸರಿಯಾಗಿ ಹಣ್ಣಾಗಲ್ಲ. ಹತ್ತು ದಿನ ಬಿಟ್ಟು ಗುಂಪಲ್ಲಿ ಮಾತು, ದೊಡ್ಡಪ್ಪ ಕಳ್ಸಿದ್ದು ಹುಳಿ ಅಂತ. ಹೇಳಿದೋರು ಈಗ್ಲೂ ಇದನ್ನ ಕೇಳ್ತಿದಾರೆ, ಹೆಸರು ಹೇಳಲ್ಲ. ಅದೇ ಜನ ಅಂಗಡೀಲಿ ಕಾರ್ಬೈಡು ಹಾಕಿದ್ದನ್ನ ಮಾತಿಲ್ದೆ ಕೊಂಡ್ಕೊತಾರೆ. ಅದು ನಿಷೇಧ ಆಗಿರೋ ಪದಾರ್ಥ, ಅಂಥ ಹಣ್ಣು ಮೇಲೆಲ್ಲ ಒಂದೇ ಸಮ ಹಳದಿ, ಕೊಯ್ದ್ರೆ ಒಳಗೆ ಬೆಳ್ಳಗೆ ಗಟ್ಟಿ. ಅದು ಸಿಹಿ, ನನ್ನದು ಹುಳಿ!

ಇರ್ಲಿ ಬಿಡು. ಏನು ಕೇಳಿದ್ದೆ ನೀನು? ಹಾಂ, ಔಷಧಿ.

ಕೀಳೋ ಹದದ ಬಾದಾಮಿ ಕಲ್ಲಿನಂಗಿರುತ್ತೆ, ಪುಟ್ಟಿ ಕಚ್ಚಿದ್ರೂ ಹಲ್ಲು ಇಳಿಯಲ್ಲ. ಮರದಿಂದ ಕಿತ್ತು ಅಲ್ಲೇ ತಿನ್ನೋ ಹಣ್ಣಲ್ಲ ಅದು. ಕೆಳಗೆ ಹಣ್ಣಾಗಿ ಬಿದ್ದಿರೋದನ್ನ ಎತ್ಕೊಂಡು ತಿನ್ನಕ್ಕೆ ಬಿಡಬೇಡ, ಊಜಿ, ಅಂದ್ರೆ ಹಣ್ಣು ನೊಣ, ಕುಟ್ಟಿ ಒಳಗೆ ಹುಳ ಇರುತ್ತೆ. ತೋಟದವರನ್ನ ಎರಡೇ ಮಾತು ಕೇಳು: ಕೊನೇ ಸಲ ಏನು ಹೊಡ್ದಿದ್ದು, ಯಾವತ್ತು. ಹೊಡೆದು ಎಷ್ಟು ದಿನ ಬಿಟ್ಟು ಕೀಳಬೇಕು ಅಂತ ಡಬ್ಬಿ ಚೀಟಿ ಮೇಲೇ ಇರುತ್ತೆ. ಆ ದಿನ ಕಳೆದಿಲ್ಲ ಅಂದ್ರೆ ಆ ಸಾಲು ಬಿಟ್ಟು ಬೇರೆ ಸಾಲು ಕೇಳು. ಕಾಯಿಗೆ ಪೇಪರ್ ಕವರ್ ಕಟ್ಟಿರೋ ಮರ ಇದ್ರೆ ಅದೇ ವಾಸಿ. ಮನೇಲಿ ಹರಿಯೋ ನೀರಲ್ಲಿ ಉಜ್ಜಿ ತೊಳಿ, ಮಗೂಗೆ ಸಿಪ್ಪೆ ತೆಗೆದೇ ಕೊಡು. ತೋಟದಲ್ಲಿ ಬುತ್ತಿ ಬಿಚ್ಚೋ ಮುಂಚೆ ಎಲ್ರೂ ಸೋಪಲ್ಲಿ ಕೈ ತೊಳ್ಕೊಳ್ಳಿ.

ಇನ್ನೊಂದ್ಸಲ ಹೇಳ್ತೀನಿ, ತೊಟ್ಟು ಬುಡದಲ್ಲಿ ಮುರೀಬೇಡಿ, ಮುಖ ಮೇಲೆ ಮಾಡಿ ಕೀಳಬೇಡಿ. ತಾಗಿದ್ರೆ ಒರೆಸ್ಬೇಡಿ, ತೊಳೀರಿ. ಕಣ್ಣಿಗೆ ಬಿದ್ರೆ ಕಾಲು ಗಂಟೆ ಶುದ್ಧ ನೀರು ಹಾಯಿಸಿ ಡಾಕ್ಟ್ರ ಹತ್ರ ಹೋಗಿ. ಒಂದು ಸೋಪು, ಎರಡು ಕ್ಯಾನ್ ನೀರು ಕಾರಲ್ಲಿ ಇರ್ಲಿ.

ಕೆಲವು ತೋಟದಲ್ಲಿ ಒಬ್ಬೊಬ್ರೂ ಇಷ್ಟು ಕೆ.ಜಿ. ಕೊಳ್ಳಲೇಬೇಕು ಅಂತಿರುತ್ತೆ, ಇವತ್ತೇ ಫೋನ್ ಮಾಡಿ ಕೇಳ್ಬಿಡು. ಖಾಲಿ ಕ್ರೇಟು, ಹುಲ್ಲು ಎರಡೂ ನಮ್ಮ ಮನೇಲಿದೆ, ಶನಿವಾರ ಸಾಯಂಕಾಲ ನಿಮ್ಮ ಯಜಮಾನರನ್ನ ಕಳ್ಸು.