ಆನ್‌ಲೈನ್ ಟೆಸ್ಟ್‌ನಲ್ಲಿ ಅರ್ಧ ಕ್ಲಾಸಿಗೆ 18ರ ಮೇಲೆ, ನಂಬುವುದು ಹೇಗೆ?

ಪ್ರಶ್ನೆ (ಉಡುಪಿ, ಪಿಯು ಭೌತಶಾಸ್ತ್ರ):
ಗೂಗಲ್ ಫಾರ್ಮ್ಸ್‌ನಲ್ಲಿ 20 ಬಹುಆಯ್ಕೆ ಪ್ರಶ್ನೆ, 30 ನಿಮಿಷ. ಅರ್ಧ ಕ್ಲಾಸಿಗೆ 18ರ ಮೇಲೆ. ಅದೇ ಪ್ರಶ್ನೆಯನ್ನು ಗೂಗಲ್ ಮೀಟ್ ವಿಡಿಯೊ ಕ್ಲಾಸಿನಲ್ಲಿ ಕೇಳಿದರೆ ಸದ್ದಿಲ್ಲ. ಕ್ಯಾಮೆರಾ ಕಡ್ಡಾಯ ಮಾಡೋಣ ಅಂದರೆ ಈ ಮಳೆಗೆ ಹೆಬ್ರಿ ಕಡೆಯ ಮಕ್ಕಳಿಗೆ ನೆಟ್‌ವರ್ಕ್ ನಿಲ್ಲುವುದಿಲ್ಲ.

ಉತ್ತರ 1:
ಕ್ಯಾಮೆರಾ ಬಿಡಿ ಮಾರಾಯ್ರೆ, ಪ್ರಶ್ನೆ ಬದಲಿಸಿ. ರೋಲ್ ನಂಬರಿನ ಕೊನೆಯ ಅಂಕಿಯನ್ನು 10ಕ್ಕೆ ಕೂಡಿಸಲಿ, ಅಷ್ಟು ಓಮ್‌ನ ರೋಧಕ. ಅದಕ್ಕೆ ಸಮಾಂತರವಾಗಿ 20 ಓಮ್, ಬ್ಯಾಟರಿ 6 ವೋಲ್ಟ್. ಒಟ್ಟು ಪ್ರವಾಹ ಎಷ್ಟು? ಕೊನೆಯ ಅಂಕಿ 5 ಇದ್ದವರಿಗೆ 0.7 ಆಂಪಿಯರ್ ಬರಬೇಕು. 0.17 ಬಂದರೆ ಸರಣಿ ಜೋಡಣೆ ಅಂದುಕೊಂಡು 15ನ್ನೂ 20ನ್ನೂ ಕೂಡಿಸಿದ್ದಾರೆ ಎಂದರ್ಥ. ತಪ್ಪು ಉತ್ತರವೇ ಎಲ್ಲಿ ಎಡವಿದ್ದಾರೆಂದು ಹೇಳುತ್ತದೆ. ಉತ್ತರಪಟ್ಟಿ ಹತ್ತೇ ಸಾಲು, ಎಕ್ಸೆಲ್‌ನಲ್ಲಿ ಮಾಡಿಟ್ಟುಕೊಳ್ಳಿ.

ಉತ್ತರ 2:
ಪ್ರಶ್ನೆಗಳ ಕ್ರಮ ಬದಲಿಸುವ ಆಯ್ಕೆ ಫಾರ್ಮ್ಸ್‌ನಲ್ಲಿ ಉಂಟು, ಆದರೆ ವಾಟ್ಸಾಪ್‌ಗೆ ಸ್ಕ್ರೀನ್‌ಶಾಟ್ ಹೋದರೆ ಮುಗಿಯಿತು. ಟೆಸ್ಟ್ ಮುಗಿಯುವವರೆಗೆ ಬೇರೆ ಟ್ಯಾಬ್ ತೆರೆಯದಂತೆ ಲಾಕ್ ಮಾಡುವ ವ್ಯವಸ್ಥೆ ಸಂಸ್ಥೆ ನಿರ್ವಹಿಸುವ ಕ್ರೋಮ್‌ಬುಕ್ ಲ್ಯಾಪ್‌ಟಾಪ್‌ಗೆ ಮಾತ್ರ, ಮೊಬೈಲಿಗಲ್ಲ. ಲೆಕ್ಕ ಬಿಡಿಸಿದ ಪುಟದ ಫೋಟೊ ತರಿಸಿ. ಫಾರ್ಮ್‌ನಲ್ಲೇ ಅಪ್‌ಲೋಡ್ ಮಾಡಲು ಗೂಗಲ್ ಲಾಗಿನ್ ಬೇಕು, ಇದನ್ನು ಮೊದಲೇ ತಿಳಿಸಿ. ಕರೆಂಟ್ ಹೋಗುವ ಊರುಗಳಿಗೆ ರಾತ್ರಿವರೆಗೆ ಸಮಯ ಕೊಡಿ. ಅವಸರ ಮಾಡಿದರೆ ನೀವು ಅಳೆಯುವುದು ಟವರನ್ನು, ಕಲಿಕೆಯನ್ನಲ್ಲ.

ಉತ್ತರ 3:
ಜೊತೆಗೆ ವಾರಕ್ಕೆ ಐದಾರು ಮಕ್ಕಳಿಗೆ ಚೀಟಿ ಎತ್ತಿ ಮೂರು ನಿಮಿಷದ ಮೌಖಿಕ. ಸಾದಾ ಫೋನ್ ಕರೆ ಸಾಕು. ಅವರದೇ ಪುಟದಿಂದ ಒಂದು ಪ್ರಶ್ನೆ: "20 ಓಮ್ ತೆಗೆದರೆ ಪ್ರವಾಹ ಹೆಚ್ಚುತ್ತದೋ, ಕಡಿಮೆಯಾಗುತ್ತದೋ? ಯಾಕೆ?" ಉತ್ತರಕ್ಕೆ 1, ಕಾರಣಕ್ಕೆ 2 ಅಂಕ.