1876ರಲ್ಲಿ ಕೊಲೊರಾಡೊ ಜನ ಅಧ್ಯಕ್ಷರಿಗೆ ಮತವೇ ಹಾಕಲಿಲ್ವಾ?

ಹಳೇಪುಟ:
1876ರ ಅಮೆರಿಕ ಚುನಾವಣೆಯ ಪಟ್ಟಿ ನೋಡ್ತಾ ಇದ್ದೆ. ಎಲ್ಲ ರಾಜ್ಯಗಳ ಮುಂದೆ ಜನರ ಮತ ಎಷ್ಟು ಅಂತ ಇದೆ, ಕೊಲೊರಾಡೊ ಮುಂದೆ ಮಾತ್ರ ಖಾಲಿ. ಆದರೆ 3 ಎಲೆಕ್ಟೋರಲ್ ಮತ (ಪ್ರತಿ ರಾಜ್ಯದ ಪರವಾಗಿ ಎಲೆಕ್ಟರ್ ಅನ್ನೋ ಪ್ರತಿನಿಧಿಗಳು ಹಾಕುವ, ಅಧ್ಯಕ್ಷರು ಯಾರು ಅಂತ ತೀರ್ಮಾನಿಸುವ ಮತ) ರಿಪಬ್ಲಿಕನ್ ಪಕ್ಷದ ಹೇಯ್ಸ್‌ಗೆ ಹೋಗಿವೆ. ಅಚ್ಚಿನ ತಪ್ಪಾ?

ಮಲೆದಾರಿ:
ತಪ್ಪಲ್ಲ, ಅಲ್ಲಿ ಅಧ್ಯಕ್ಷರಿಗಾಗಿ ಜನರ ಮತದಾನ ನಡೆಯಲೇ ಇಲ್ಲ. ಕೊಲೊರಾಡೊ ರಾಜ್ಯವಾಗಿದ್ದೇ 1876ರ ಆಗಸ್ಟ್ 1ಕ್ಕೆ, ಅಧ್ಯಕ್ಷರ ಚುನಾವಣೆ ನವೆಂಬರ್ 7ಕ್ಕೆ. ಅಕ್ಟೋಬರ್‌ನಲ್ಲಿ ಗವರ್ನರ್ ಮತ್ತು ಶಾಸನಸಭೆಗೆ ಒಂದು ಚುನಾವಣೆ ಮಾಡಬೇಕಿತ್ತು, ಮರುತಿಂಗಳೇ ಇನ್ನೊಂದು ಅಂದ್ರೆ ಸಮಯವೂ ಇಲ್ಲ, ಖರ್ಚೂ ಜಾಸ್ತಿ. ಅದಕ್ಕೆ ಆ ಒಂದು ಸಲಕ್ಕೆ ಶಾಸನಸಭೆಯೇ ಎಲೆಕ್ಟರ್‌ಗಳನ್ನು ಆರಿಸಲಿ ಅಂತ ಹೊಸ ಸಂವಿಧಾನದಲ್ಲೇ ಬರೆದಿದ್ದರು. ಸಭೆಯಲ್ಲಿ ರಿಪಬ್ಲಿಕನ್ನರೇ ಹೆಚ್ಚಿದ್ದರು. ಮೂರೂ ಮತ ಹೇಯ್ಸ್‌ಗೆ ಬಿದ್ದವು.

ಕೂಡಿಸಿಕಳೆ:
ಈಗ ಲೆಕ್ಕ ನೋಡಿ, ನನಗೆ ಮೈ ಜುಮ್ಮೆನ್ನೋದು ಇಲ್ಲೇ. ಒಟ್ಟು 369 ಮತ, ಗೆಲ್ಲಲು 185 ಬೇಕು. ಡೆಮಾಕ್ರಟಿಕ್ ಪಕ್ಷದ ಟಿಲ್ಡನ್‌ಗೆ 184 ಬಂದಿತ್ತು. ಫ್ಲಾರಿಡಾ, ಲೂಸಿಯಾನ, ಸೌತ್ ಕೆರೊಲಿನಾ, ಜೊತೆಗೆ ಆರೆಗನ್‌ನ ಒಂದು, ಹೀಗೆ 20 ಮತಗಳ ಮೇಲೆ ಜಗಳ. 15 ಜನರ ಆಯೋಗ 8–7ರಂತೆ ಅಷ್ಟನ್ನೂ ಹೇಯ್ಸ್‌ಗೆ ಕೊಟ್ಟಿತು, ಅವರು 185–184ರಲ್ಲಿ ಗೆದ್ದರು. ಎಲ್ಲರೂ ಫ್ಲಾರಿಡಾ, ಲೂಸಿಯಾನ ಅಂತಲೇ ಮಾತಾಡ್ತಾರೆ. ಆದರೆ ಕೊಲೊರಾಡೊ ಇನ್ನೂ ರಾಜ್ಯವಾಗಿಲ್ಲದಿದ್ದರೆ ಒಟ್ಟು 366, ಗೆಲ್ಲಲು 184 ಸಾಕು. ಆ ಇಪ್ಪತ್ತೂ ಸಿಕ್ಕಿದ್ದರೂ ಹೇಯ್ಸ್ 182ಕ್ಕೇ ನಿಲ್ಲುತ್ತಿದ್ದರು!

ಹಳೇಪುಟ:
ಅಯ್ಯೋ, ಹಾಗಾದ್ರೆ ದೇಶದ ಅಧ್ಯಕ್ಷ ಯಾರು ಅಂತ ತೀರ್ಮಾನಿಸಿದ ಮೂರು ಮತಗಳ ಹಿಂದೆ ಜನರ ಒಂದು ಮತವೂ ಇಲ್ಲ. ಇದು ಅನ್ಯಾಯ ಅಲ್ವಾ?

ಮಲೆದಾರಿ:
ಕಾನೂನಿನ ಪ್ರಕಾರ ಸರಿ. ಎಲೆಕ್ಟರ್‌ಗಳನ್ನು ಹೇಗೆ ಆರಿಸಬೇಕು ಅನ್ನೋದನ್ನು ಅಮೆರಿಕದ ಸಂವಿಧಾನ ಆಯಾ ರಾಜ್ಯದ ಶಾಸನಸಭೆಗೆ ಬಿಟ್ಟಿದೆ. ಸೌತ್ ಕೆರೊಲಿನಾದಲ್ಲಿ 1860ರವರೆಗೂ ಶಾಸಕರೇ ಆರಿಸುತ್ತಿದ್ದರು. ಮತ್ತೆ ಅಕ್ಟೋಬರ್‌ನಲ್ಲಿ ರಿಪಬ್ಲಿಕನ್ನರನ್ನು ಗೆಲ್ಲಿಸಿದ್ದು ಅದೇ ಕೊಲೊರಾಡೊ ಜನ ಅಲ್ವಾ, ಗವರ್ನರ್ ಆದ ಜಾನ್ ರೌಟ್ ಕೂಡ ಅದೇ ಪಕ್ಷದವರು.

ಕೂಡಿಸಿಕಳೆ:
ಇದನ್ನು ನಾನು ಒಪ್ಪಲ್ಲ. ಊರಿನ ಶಾಸಕನನ್ನು ಆರಿಸೋದು ಬೇರೆ, ದೇಶದ ಅಧ್ಯಕ್ಷನನ್ನು ಆರಿಸೋದು ಬೇರೆ. ಇಡೀ ದೇಶದ ಜನರ ಮತದಲ್ಲಿ ಟಿಲ್ಡನ್ ಸುಮಾರು ಎರಡೂವರೆ ಲಕ್ಷದಷ್ಟು ಮುಂದಿದ್ದರು, ಅದನ್ನು ಮರೆಯಬಾರದು. ಇನ್ನೂ ಬೇಜಾರಿನ ವಿಷಯ ಅಂದ್ರೆ, ಕೊಲೊರಾಡೊಗೆ ರಾಜ್ಯದ ಸ್ಥಾನ ಕೊಡಿಸಲು ತಮ್ಮ ಪಕ್ಷದವರ ಬಳಿ ಓಡಾಡಿದವರು ಥಾಮಸ್ ಪ್ಯಾಟರ್ಸನ್, ಅವರು ಟಿಲ್ಡನ್ ಪಕ್ಷದವರೇ. ಹೊಸ ರಾಜ್ಯ ನಮ್ಮ ಕಡೆಗೇ ಬರುತ್ತೆ ಅಂತ ನಂಬಿದ್ದರು.

ಹಳೇಪುಟ:
ಇಬ್ಬರಿಗೂ ಧನ್ಯವಾದ. 1880ರ ಸಾಲಿನಲ್ಲಿ ಕೊಲೊರಾಡೊ ಮುಂದೆ ಜನರ ಮತದ ಅಂಕಿ ಇದೆ, ಈಗಷ್ಟೇ ನೋಡಿದೆ.